ಅಕ್ಕ ಬೇಡಿದ ಸಿಹಿದಂಟು

ಜೋಳದ ದಂಟಿನಿಂದ ಒಲೆ ಉರಿಸುತ್ತೇನೆ ಎಂದು ಹೊರಟವನು ನಾನು. ಒಣಗಿದ ದಂಟನ್ನು ಒಲೆಗೆ ತುರುಕಿ ಉರಿಸುವುದು ನಮ್ಮ ಸೀಮೆಯ ಕೂಸಿಗೂ ಗೊತ್ತು, ಅದಕ್ಕೆ ವಿಜ್ಞಾನಿ ಬೇಕಾಗಿಲ್ಲ. ನನ್ನ ಹುಚ್ಚು ಬೇರೆಯದು. ಹಸಿ ದಂಟಿನ ಸಿಹಿ ರಸವನ್ನು ಹಿಂಡಿ, ಹುಳಿಸಿ, ಭಟ್ಟಿ ಇಳಿಸಿ ಸ್ಪಿರಿಟ್ ತೆಗೆಯಬೇಕು. ಸೀಮೆಎಣ್ಣೆಯ ಬದಲು ಅದನ್ನು ಸ್ಟೋವಿಗೆ ಹಾಕಬೇಕು, ಮುಂದೆ ಬಾವಿಯ ಎಂಜಿನ್ನಿಗೂ ಹಾಕಬೇಕು. ಇದು ಎಪ್ಪತ್ತರ ದಶಕದ ನಡುವಿನ ಮಾತು. ಹೊರದೇಶಗಳಲ್ಲಿ ಎಣ್ಣೆಯ ಬೆಲೆ ಏರಿ, ಈಗಿನ ವಿಜಯಪುರದಲ್ಲಿ, ಆಗ ನಮ್ಮ ಬಾಯಿಯ ವಿಜಾಪುರದಲ್ಲಿ, ರೇಷನ್ ಅಂಗಡಿಗಳ ಮುಂದೆ ಡಬ್ಬಿಗಳ ಸಾಲು ಬೀದಿಯ ತಿರುವಿನ ತನಕ ಇರುತ್ತಿತ್ತು. ಮನುಷ್ಯರು ಕಟ್ಟೆಯ ನೆರಳಿಗೆ ಹೋಗಿ ಕೂರುತ್ತಿದ್ದರು, ಡಬ್ಬಿಗಳು ಬಿಸಿಲಲ್ಲಿ ಪಾಳಿ ಕಾಯುತ್ತಿದ್ದವು.

ನಾನಾಗ ಊರ ಹೊರಗಿನ ಸಂಶೋಧನಾ ಫಾರ್ಮಿನಲ್ಲಿ ಜೋಳದ ತಳಿ ಮಾಡುವವನು. ಮೊದಲ ಸಲ ಒಂದು ಬಾಟಲಿ ಜೋಳದ ಸ್ಪಿರಿಟ್ಟನ್ನು ಸ್ಟೋವ್ ರಿಪೇರಿ ಮಾಡುವ ಚಾಚಾನ ಅಂಗಡಿಗೆ ಒಯ್ದಾಗ ಆತ ಮುಚ್ಚಳ ತೆಗೆದು ಮೂಸಿ, ನನ್ನ ಮುಖ ನೋಡಿ, "ಸಾಹೇಬ್ರ, ಇದನ್ನ ಸ್ಟೋವಿಗೆ ಹಾಕೂದೋ, ಗಂಟಲಿಗೆ ಹಾಕೂದೋ?" ಎಂದಿದ್ದ. ಆದರೆ ಹಚ್ಚಿ ನೋಡಿದಾಗ ಹೊಗೆಯಿಲ್ಲದ ನೀಲಿ ಉರಿ ಬಂತು. ಚಾಚಾ ನಗುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕುಳಿತ. ನನಗೆ ಸ್ವರ್ಗ ಮೂರೇ ಗೇಣು ಉಳಿದಿತ್ತು.

ತೊಡಕಿದ್ದದ್ದು ಜೋಳದಲ್ಲಿ. ನಮ್ಮ ಹಿಂಗಾರಿ ಬಿಳಿಜೋಳದ ಕಾಳು ಚೆಂದ, ರೊಟ್ಟಿ ಚೆಂದ, ದಂಟು ಮಾತ್ರ ರಸವಿಲ್ಲದ ಬೆಂಡು. ಹೊರಗಿನಿಂದ ತರಿಸಿದ ಸಿಹಿಜೋಳದ ದಂಟಿನ ತುಂಬ ರಸ. ಆದರೆ ಅದರ ಕಾಳು ಸಣ್ಣದು, ಕೆಂಪು, ಒಗರು. ಹಿಟ್ಟು ನಾದಿ ಬಡಿಯಲು ಹೋದರೆ ರೊಟ್ಟಿ ಅಂಗೈಯಲ್ಲೇ ಹರಿಯುತ್ತಿತ್ತು. ರೊಟ್ಟಿ ಕೊಡದ ಜೋಳವನ್ನು ಸ್ಟೋವಿಗಾಗಿ ಯಾವ ಒಕ್ಕಲಿಗ ಬಿತ್ತುತ್ತಾನೆ? ಎರಡನ್ನೂ ಕೂಡಿಸಬೇಕಿತ್ತು. ಸಂಜೆ ಒಂದರ ಹೂವಿನಿಂದ ಗಂಡು ಭಾಗವನ್ನು ಸೂಜಿಯಿಂದ ಕಿತ್ತು, ಮುಂಜಾನೆ ಇನ್ನೊಂದರ ಪರಾಗ ಉದುರಿಸಿ, ಹುಟ್ಟಿದ ಬೀಜವನ್ನು ಮತ್ತೆ ಬಿತ್ತಿ, ಸಾವಿರ ಗಿಡಗಳಲ್ಲಿ ಬೇಕಾದದ್ದನ್ನು ಹುಡುಕುವುದು. ಬೀಗರಿಬ್ಬರ ಸಿಟ್ಟೂ ಒಂದೇ ಕೂಸಿನಲ್ಲಿ ಬಂದ ಹಾಗೆ, ವರ್ಷ ವರ್ಷವೂ ಬೆಂಡು ದಂಟು ಮತ್ತು ಒಗರು ಕಾಳು ಎರಡೂ ಕೂಡಿದ ಗಿಡಗಳೇ ನನ್ನ ಪಾಲಿಗೆ ಬರುತ್ತಿದ್ದವು. ನಾನು ಅವನ್ನು ಬೈಯುತ್ತಿದ್ದೆ. ಗಿಡಗಳನ್ನು ಬೈಯುವ ಅಭ್ಯಾಸ ನನಗೆ ಇವತ್ತಿಗೂ ಹೋಗಿಲ್ಲ.

ಟಿಕೋಟಾ ಕಡೆಯ ಬಿಜ್ಜರಗಿಯಲ್ಲಿ ನನ್ನ ಅಕ್ಕನ ಮನೆ. ಅಕ್ಕನ ಗಂಡ ಬೇರೆ ಯಾರೂ ಅಲ್ಲ, ನಮ್ಮ ಅವ್ವನ ಸ್ವಂತ ತಮ್ಮ. ನಮ್ಮಲ್ಲಿ ಇದು ರೂಢಿ; ಅಕ್ಕ ಹುಟ್ಟಿದಾಗಲೇ ಇವಳು ಸೋದರಮಾವನಿಗೆ ಎಂದು ತೊಟ್ಟಿಲ ಮುಂದೆ ಮಾತಾಗಿತ್ತು. ನನಗೆ ಅವನು ಮೊದಲೂ ಮಾಮಾ, ಆಮೇಲೂ ಮಾಮಾ. ಕಡಿಮೆ ಮಾತಿನ ಗಟ್ಟಿ ಆಳು. ನನ್ನ ಪ್ರಯೋಗಕ್ಕೆ ಆಳವಾದ ಎರೆಭೂಮಿ ಬೇಕು ಎಂದಾಗ ಏನೂ ಕೇಳದೆ ಹೊಲದ ಒಂದು ಪಟ್ಟಿ ಬಿಟ್ಟುಕೊಟ್ಟ.

ಅಕ್ಕನಿಗೆ ಎರಡು ಸಲ ಮಕ್ಕಳಾಗಿ ಎರಡೂ ಉಳಿದಿರಲಿಲ್ಲ. ಅದನ್ನು ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ತೊಟ್ಟಿಲನ್ನು ಅಟ್ಟಕ್ಕೆ ಏರಿಸಿ ಮೇಲೆ ಗೋಣಿತಟ್ಟು ಮುಚ್ಚಿದ್ದರು.

ಒಂದು ದಿನ ನಾನು ತೆನೆಗಳಿಗೆ ಕಾಗದದ ಚೀಲ ತೊಡಿಸುತ್ತಿದ್ದೆ. ಅಕ್ಕ ಬುತ್ತಿ ತಂದವಳು ಬದುವಿನ ಮೇಲೆ ಕುಳಿತು ಕೇಳಿದಳು, "ಲೇ ತಮ್ಮಾ, ಅವಕ್ಕ ಟೊಪ್ಪಿಗಿ ಯಾಕ ಹಾಕಾಕತ್ತಿ?"

"ಹೊರಗಿನ ಪರಾಗ ಬೀಳಬಾರದಕ್ಕಾ. ತನ್ನ ಪರಾಗ ತನಗೇ ಬೀಳಬೇಕು. ಅಂದ್ರ ತಳಿ ಶುದ್ಧ ಉಳಿತೈತಿ."

"ಅಂದ್ರ ನಮ್ಮಂಗ. ಮನ್ಯಾಗಿಂದು ಮನ್ಯಾಗ," ಎಂದು ನಕ್ಕಳು.

ನಾನು ನಗಲಿಲ್ಲ. ಹೀಗೆ ತನ್ನೊಳಗೇ ಬೆಳೆಸಿದ ಗಿಡದ ಬೀಜ ಬಿತ್ತಿದಾಗ ಕೆಲವು ಸಸಿಗಳು ಹಸಿರೇ ಇಲ್ಲದೆ ಬೆಳ್ಳಗೆ ಹುಟ್ಟಿ, ನಾಲ್ಕು ದಿನ ನಿಂತು ಸಾಯುತ್ತವೆ. ಒಳಗೆ ಅಡಗಿದ ದೋಷ ಎರಡೂ ಕಡೆಯಿಂದ ಬಂದು ಕೂಡಿದರೆ ಹಾಗಾಗುತ್ತದೆ. ಫಾರ್ಮಿನ ಕುಂಡಗಳಲ್ಲಿ ಅಂಥ ಸಸಿ ಕಂಡಾಗಲೆಲ್ಲ ನನಗೆ ಅಟ್ಟದ ಮೇಲಿನ ತೊಟ್ಟಿಲು ನೆನಪಾಗುತ್ತಿತ್ತು. ಜೋಳದ ವಿಷಯದಲ್ಲಿ ಬಾಯಿ ತುಂಬ ಮಾತಾಡುವ ನಾನು ಅಕ್ಕನ ಮುಂದೆ ಏನು ಹೇಳಲಿ? ಮದುವೆಯಾಗಿ ಹೋಗಿತ್ತು. ಅವರಲ್ಲಿ ಒಬ್ಬರನ್ನು ಕಂಡರೆ ಒಬ್ಬರಿಗೆ ಜೀವ. ನಾನು ಮುಂದಿನ ಚೀಲದ ಬಾಯಿಗೆ ಟಾಚಣಿ ಚುಚ್ಚಿದೆ.

ಆ ವರ್ಷ ನಾನು ಬೀಜವನ್ನು ಮೂರು ಕಡೆ ಹಂಚಿ ಬಿತ್ತಿದ್ದೆ. ಫಾರ್ಮಿನ ಸಸಿಗಳ ಸುಳಿಯನ್ನು ನೊಣದ ಹುಳು ತಿಂದಿತು. ಬಬಲೇಶ್ವರದ ಹತ್ತಿರದ ತುಂಡು ತೆನೆ ಕಟ್ಟುವ ಹೊತ್ತಿಗೆ ಹಕ್ಕಿಗಳ ಪಾಲಾಯಿತು. ಸಾರವಾಡದ ತನಕ ಇರುವ ಹಕ್ಕಿಗಳೆಲ್ಲ ನನ್ನ ಪ್ರಯೋಗಕ್ಕೇ ಬಂದು ಊಟ ಮಾಡಿ ಹೋದವು ಎಂದು ಬಸ್ಸಿನಲ್ಲಿ ಗೊಣಗುತ್ತ ಬಂದದ್ದು ನೆನಪಿದೆ. ಉಳಿದದ್ದು ಬಿಜ್ಜರಗಿಯದು ಒಂದೇ.

ಆ ಪಟ್ಟಿಯಲ್ಲಿ ಒಂದು ಗಿಡ ಸಿಕ್ಕಿತು. ಆಳೆತ್ತರ, ತಿಳಿಹಸಿರು ದಂಟು. ಬುಡದ ಗೆಣ್ಣಿನ ಮೇಲೆ ದಬ್ಬಣದಿಂದ ಚುಚ್ಚಿ, ಒಸರಿದ ಒಂದು ಹನಿ ರಸವನ್ನು ಸಿಹಿ ಅಳೆಯುವ ಪುಟ್ಟ ದುರ್ಬೀನಿಗೆ ಹಾಕಿ ಬೆಳಕಿಗೆ ಹಿಡಿದೆ. ನಂಬಲಾಗದೆ ಗಾಜು ಒರೆಸಿ ಮತ್ತೊಂದು ಹನಿ ಹಾಕಿ ನೋಡಿದೆ. ಕಬ್ಬಿನ ಸಮಸಮ ಸಿಹಿ. ತೆನೆಯೂ ನಮ್ಮ ಬಿಳಿಜೋಳದ್ದೇ ತುಂಬು ತೆನೆ. ನಾನು ಹುಡುಕುತ್ತಿದ್ದ ಗಿಡ ಅದು. ಹಕ್ಕಿಗಳಿಗೆ ಹೆದರಿ ತೆನೆಗೆ ಮತ್ತೆ ಚೀಲ ತೊಡಿಸಿ, ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಬೀಡಿ ಹಚ್ಚಿದ ಮಾಮಾನಿಗೆ, "ಈ ಗಿಡದ ಕಾಳು ಬಲಿತು ನನ್ನ ಕೈಗೆ ಬಂದ್ರ ಸಾಕು ಮಾಮಾ, ಮತ್ತೇನೂ ಬ್ಯಾಡ," ಎಂದೆ.

ಎಳ್ಳಮವಾಸ್ಯೆ ಬಂತು. ಅವತ್ತು ನಮ್ಮ ಕಡೆ ಊರಲ್ಲಿ ಯಾರೂ ಇರುವುದಿಲ್ಲ. ಎಲ್ಲರೂ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ಪೂಜೆ ಮಾಡಿ, ಮಾಡಿದ ಅಡುಗೆಯನ್ನೆಲ್ಲ ಕಲಸಿ ಹೊಲದ ತುಂಬ ಚರಗ ಚೆಲ್ಲುತ್ತಾರೆ. ಭೂಮಿತಾಯಿ ತುಂಬಿದ ಬಸುರಿ, ಅವಳಿಗೆ ಬಯಕೆಯ ಊಟ ಎಂದು. ಆ ವರ್ಷ ಅಕ್ಕನೂ ಬಸುರಿ, ಐದು ತಿಂಗಳು. ಮಾಮಾ ಬಂಡಿಯಲ್ಲಿ ಹುಲ್ಲು ಹಾಸಿ, ಅದರ ಮೇಲೆ ಕೌದಿ ಹಾಸಿ ಕೂರಿಸಿಕೊಂಡು ಬಂದಿದ್ದ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಪುಂಡಿಪಲ್ಲೆ ಎಲ್ಲ ಇತ್ತು. ಅಕ್ಕ ಯಾವುದನ್ನೂ ಮುಟ್ಟಲಿಲ್ಲ. ಎಳೆ ಜೋಳದ ಸೀತನಿ ಸುಟ್ಟು ಕೊಟ್ಟರೂ ಬೇಡ ಎಂದಳು. ಪಕ್ಕದ ಸಾಲಿನ ದಂಟು ಮುರಿದು ಕೊಟ್ಟರು, ಒಂದು ಸಲ ಅಗಿದು ಉಗುಳಿದಳು.

ಆಮೇಲೆ ಮೆಲ್ಲಗೆ ಬೆರಳು ತೋರಿಸಿದಳು. "ಆ ಟೊಪ್ಪಿಗಿ ಹಾಕ್ಕೊಂಡಿದ್ದು ತಿನ್ನಂಗಾಗೇತಿ."

ಎಲ್ಲರೂ ನನ್ನ ಮುಖ ನೋಡಿದರು. ಬಸುರಿ ಬಾಯಿಬಿಟ್ಟು ಕೇಳಿದ್ದನ್ನು ಕೊಡದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂಬುದು ನಮ್ಮವರ ನಂಬಿಕೆ. ಅದೆಲ್ಲ ಸುಳ್ಳು ಎಂದು ವಾದ ಮಾಡಬಲ್ಲವನು ಅಲ್ಲಿ ನಾನೊಬ್ಬನೇ. ಅಕ್ಕನಿಗೇ ಹೊಳೆಯಿತೋ ಏನೋ, "ಬ್ಯಾಡ ಬ್ಯಾಡ, ಅದು ತಮ್ಮಂದು," ಎಂದು ಮುಖ ತಿರುಗಿಸಿಕೊಂಡಳು. ಮಾಮಾ ನೆಲ ನೋಡುತ್ತ ನಿಂತಿದ್ದ. ಅವನ ಕೈಯ ಕುಡುಗೋಲನ್ನು ನಾನೇ ಇಸಿದುಕೊಂಡು ಹೋಗಿ ಗಿಡವನ್ನು ಬುಡಕ್ಕೆ ಕಡಿದು ತಂದೆ. ಎರಡು ಸಲ ಬರಿದಾದ ಮಡಿಲಿನ ಮುಂದೆ ನನ್ನ ಜೋಳ ಯಾವ ಲೆಕ್ಕ? ಆ ಕ್ಷಣಕ್ಕೆ ನನಗೆ ನಿಜವಾಗಿ ಹಾಗೇ ಅನ್ನಿಸಿತ್ತು, ಇವತ್ತಿಗೂ ಹಾಗೇ ಅನ್ನಿಸುತ್ತದೆ.

ಅಕ್ಕ ತಿಂದದ್ದನ್ನು ನೋಡಬೇಕಿತ್ತು. ಹಲ್ಲಿನಿಂದ ಸಿಪ್ಪೆ ಸಿಗಿದು, ಗೆಣ್ಣು ಗೆಣ್ಣು ಅಗಿದು, ರಸ ಮೊಣಕೈ ತನಕ ಇಳಿದರೂ ಒರೆಸಿಕೊಳ್ಳಲಿಲ್ಲ. "ಯಪ್ಪಾ, ಏನ್ ಮಾಡಿಯೋ ತಮ್ಮಾ ಇದನ್ನ! ಸಕ್ರಿ ಹಾಕಿಯೇನು?" ಎಂದು ಕೇಳಿದಳು. ನನ್ನ ಕೆಲಸಕ್ಕೆ ಆಮೇಲೆ ನಾಲ್ಕು ಜನ ಭೇಷ್ ಅಂದಿದ್ದಾರೆ, ಹಾರ ಹಾಕಿದ್ದಾರೆ. ಅಕ್ಕನ ಆ ಮಾತಿನಷ್ಟು ನನ್ನನ್ನು ಯಾವುದೂ ಹಿಗ್ಗಿಸಲಿಲ್ಲ.

ತೆನೆಯಲ್ಲಿ ಕಾಳು ಇನ್ನೂ ಹಾಲಿನ ಹದದಲ್ಲಿತ್ತು. ಆಸೆ ಬಿಡದೆ ಅದನ್ನು ವಿಜಾಪುರಕ್ಕೆ ಒಯ್ದು ನೀರಿನ ತಂಬಿಗೆಯಲ್ಲಿ ನಿಲ್ಲಿಸಿದೆ. ಕಾಳು ಮುದುಡಿ ಹೊಟ್ಟಾಯಿತು, ಬಿತ್ತಿದರೆ ಒಂದೂ ಹುಟ್ಟಲಿಲ್ಲ. ಎರಡು ವಾರ ಬಿಟ್ಟು ಬಿಜ್ಜರಗಿಗೆ ಹೋಗಿ ಹೇಳಿದಾಗ ಅಕ್ಕನ ಮುಖ ಸಣ್ಣದಾಯಿತು. ಅದನ್ನು ನೋಡಲಾರದೆ, "ಕೂಳಿ ಐತೆಲ್ಲಕ್ಕಾ. ನೀರು ಕಂಡ್ರ ಮತ್ತ ಚಿಗಿತೈತಿ," ಎಂದೆ. ಸಮಾಧಾನಕ್ಕೆ ಹೇಳಿದ ಮಾತಾದರೂ ಸುಳ್ಳಲ್ಲ. ಜೋಳದ ಬುಡ ನೆಲದಲ್ಲಿ ಉಳಿದರೆ ಕಬ್ಬಿನ ಹಾಗೆ ಮತ್ತೆ ಚಿಗುರುತ್ತದೆ, ಅದೇ ತಳಿ, ಅದೇ ಸಿಹಿ.

"ಹಂಗಾರ ನಾ ತಿಂದಿದ್ದನ್ನ ನಾನೇ ಬೆಳಸಿ ಕೊಡ್ತೇನಿ," ಎಂದಳು ಅಕ್ಕ. "ತೆನಿ ನಿನ್ನ ಕೈಯಾಗ ಇಟ್ಟ ಮ್ಯಾಲೆ ನಾ ಬಾಣಂತನಕ್ಕ ಕುಂದ್ರಾಕಿ. ಮಾತಂದ್ರ ಮಾತು."

ಸುಗ್ಗಿ ಮುಗಿಯಿತು. ಸುತ್ತಲಿನ ಹೊಲಗಳೆಲ್ಲ ಬೋಳಾದವು. ಅಕ್ಕ ದಿನಾ ಸಂಜೆ ಬಾವಿಯಿಂದ ಕೊಡ ಹೊತ್ತು ಆ ಒಂದು ಬುಡಕ್ಕೆ ನೀರು ಹಾಕಿದಳು. ಹೊಟ್ಟೆ ಬೆಳೆದಂತೆ ಕೊಡ ಹೋಗಿ ತಂಬಿಗೆ ಬಂತು, ತಂಬಿಗೆ ಹೊತ್ತು ಹೆಚ್ಚು ಸಲ ತಿರುಗಿದಳು. ಚಿಗುರು ಬಂದ ದಿನ ಮಾಮಾ ಜಾಲಿಮುಳ್ಳು ಕಡಿದು ಸುತ್ತ ಬೇಲಿ ಹಾಕಿದ. ಕೂಳೆಯ ಎಳೆ ಚಿಗುರು ದನಕರುಗಳಿಗೆ ವಿಷ. ಸುಗ್ಗಿಯಾದ ಮೇಲೆ ಆಡುಕುರಿಗಳೆಲ್ಲ ಬಯಲಲ್ಲಿ ತಿರುಗುತ್ತವೆ. "ಇದನ್ನ ತಿಂದು ಯಾರದರ ಆಡು ಸತ್ರ ನನ್ನ ಕೊಳ್ಳಾಗ ಬೀಳ್ತಾರ," ಎಂದು ಗೊಣಗಿದನಾದರೂ ಬೇಲಿ ಮಾತ್ರ ಕೋಟೆಯ ಹಾಗೆ ಕಟ್ಟಿದ್ದ. ಊರಿನ ಹೆಂಗಸರು ಅಕ್ಕನನ್ನು ಛೇಡಿಸುತ್ತಿದ್ದರು, ಒಂದು ಹೊಟ್ಟ್ಯಾಗ, ಒಂದು ಬೇಲ್ಯಾಗ ಎಂದು.

ಏಳರಲ್ಲಿ ಕುಬಸ, ಅಂದರೆ ಸೀಮಂತ ಮಾಡಿ, ರೂಢಿಯಂತೆ ಹೆರಿಗೆಗೆ ವಿಜಾಪುರದ ತವರಿಗೆ ಕರೆದುಕೊಂಡು ಬರಬೇಕಿತ್ತು. ಅಕ್ಕ ಬರಲೊಪ್ಪಲಿಲ್ಲ. ತೆನೆ ಇನ್ನೂ ಎಲೆ ಸುತ್ತಿದ ಹೊಡೆಯೊಳಗೇ ಇತ್ತು. ಅವ್ವ ಬೈದು, ಅತ್ತು, ಕೊನೆಗೆ ಒಂಬತ್ತು ತುಂಬಿದ ಮೇಲೆ ಕರೆತಂದಳು. ಬಸ್ಸು ಹತ್ತುವಾಗ ಅಕ್ಕ ಮಾಮಾನಿಗೆ ಹೇಳಿದ್ದು ಒಂದೇ ಮಾತು, ಗಿಡಕ್ಕೆ ನೀರು ತಪ್ಪಿಸಬೇಡಿ ಎಂದು. ಮಾಮಾ ಹೂಂ ಎಂದ.

ವಿಜಾಪುರದ ಬೇಸಿಗೆ ನಿಮಗೆ ಗೊತ್ತಿದ್ದರೆ ನಾನು ವರ್ಣಿಸಬೇಕಾಗಿಲ್ಲ. ಅಂಥ ಒಂದು ಮಧ್ಯಾಹ್ನ ಅಕ್ಕನಿಗೆ ನೋವು ಬಂತು. ಟಾಂಗಾದಲ್ಲಿ ದವಾಖಾನೆಗೆ ಒಯ್ದೆವು, ಮಾಮಾನಿಗೆ ಹೇಳಿ ಕಳಿಸಿದೆವು. ನೋವು ತಿನ್ನುತ್ತ ಮಲಗಿದಳೇ ಹೊರತು ಹೆರಿಗೆಯಾಗಲಿಲ್ಲ. ಮಾಮಾ ಬಂದವನು ದವಾಖಾನೆಯ ಜಗಲಿ ಬಿಟ್ಟು ಕದಲಲಿಲ್ಲ. ಡಾಕ್ಟರರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಹೆಣ್ಣುಕೂಸು ಹುಟ್ಟಿತು, ಅಳಲಿಲ್ಲ. ಅಕ್ಕನಿಗೆ ರಕ್ತ ನಿಲ್ಲಲಿಲ್ಲ. ಕೂಸು ಹೋದದ್ದನ್ನು ನಾವು ಅವಳಿಗೆ ಹೇಳುವ ಮೊದಲೇ ಅವಳೂ ಹೋದಳು.

ಇಷ್ಟು ವರ್ಷಗಳಾದರೂ ಈ ಮೇಲಿನ ಸಾಲುಗಳನ್ನು ಬರೆದು ಒಂದು ಸಲ ಎದ್ದು ಹೋಗಿ ಬರಬೇಕಾಯಿತು. ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಗೊತ್ತಾಗುವುದಿಲ್ಲ.

ಅಕ್ಕನನ್ನು ಬಿಜ್ಜರಗಿಗೆ ಒಯ್ದು ಅವರ ಹೊಲದಲ್ಲೇ, ಬದುವಿನ ಬೇವಿನ ಗಿಡದ ಹತ್ತಿರ, ಕೂಸನ್ನು ಅವಳ ಮಗ್ಗುಲಿಗಿಟ್ಟು ಮಣ್ಣು ಮಾಡಿದೆವು. ಮೂರನೆಯ ದಿನ ಮಣ್ಣಿನ ಮೇಲೆ ಹಾಲುತುಪ್ಪ ಬಿಟ್ಟು, ಅವಳಿಗೆ ಇಷ್ಟವಾದ ಅಡುಗೆಯ ಎಡೆ ಇಟ್ಟು ದೂರ ನಿಂತೆವು. ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಸತ್ತವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದು ಅರ್ಥ. ಬೇವಿನ ಗಿಡದಲ್ಲಿ ಕಾಗೆಗಳು ಕುಳಿತೇ ಇದ್ದವು. ಒಂದೂ ಕೆಳಗೆ ಇಳಿಯಲಿಲ್ಲ. ಹೊತ್ತು ಏರಿತು. ಹಿರಿಯರು ಒಬ್ಬೊಬ್ಬರಾಗಿ ಮುಂದೆ ಹೋಗಿ, ಗಂಡನನ್ನು ನೋಡಿಕೊಳ್ಳುತ್ತೇವೆ ಎಂದರು, ತಾಯಿಯನ್ನು ನೋಡಿಕೊಳ್ಳುತ್ತೇವೆ ಎಂದರು. ಕಾಗೆ ಬರಲಿಲ್ಲ. ಅವ್ವ, "ಏನ್ ಬೇಕ ನನ್ನವ್ವಾ, ಬಾಯಿಬಿಟ್ಟು ಹೇಳಬೇ," ಎಂದು ನೆಲಕ್ಕೆ ಹಣೆ ಬಡಿದುಕೊಂಡು ಅಳತೊಡಗಿದಳು.

ಮಾಮಾ ಎದ್ದು ಮುಳ್ಳುಬೇಲಿಯ ಕಡೆ ನಡೆದ. ಅವನು ಏನು ಮಾಡಲು ಹೊರಟಿದ್ದಾನೆ ಎಂದು ನನಗೆ ತಿಳಿಯಿತು. ಬೇಡ ಮಾಮಾ, ಇನ್ನು ಸ್ವಲ್ಪ ದಿನ ಬಿಟ್ಟರೆ ಕಾಳು ಬಲಿಯುತ್ತದೆ ಎಂದು ಕೂಗಬೇಕು ಅನ್ನಿಸಿತು. ಅಷ್ಟರಲ್ಲಿ ಅವನು ಬೇಲಿ ಸರಿಸಿ, ಗಿಡ ಕಡಿದು, ದಂಟು ಬೇರೆ ತೆನೆ ಬೇರೆ ಮಾಡಿಕೊಂಡು ಬಂದ. ಎಲೆಗಳು ಸುರುಳಿ ಸುತ್ತಿದ್ದವು, ಬಿಸಿಲಿಗೆ ಎಂದುಕೊಂಡೆ. ದಂಟನ್ನು ಎಡೆಯ ಮೇಲಿಟ್ಟ. ತೆನೆಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ನಿಂತ.

"ತಗೋ ತಮ್ಮಾ. ನಿಮ್ಮಕ್ಕ ಮಾತು ಕೊಟ್ಟಿದ್ಲು."

ತೆನೆ ಕೈಗೆ ತೆಗೆದುಕೊಂಡೆ. ಅಭ್ಯಾಸ ಕೇಳಬೇಕಲ್ಲ, ಒಂದು ಕಾಳನ್ನು ಉಗುರಿನಿಂದ ಒತ್ತಿದೆ. ಹಾಲು ಬಂತು.

"ಸಾಕೇನು?" ಎಂದು ಮಾಮಾ ಕೇಳಿದ.

"ಸಾಕು ಮಾಮಾ. ಅಕ್ಕನ ಮಾತು ಮುಟ್ಟಿತು," ಎಂದೆ.

ಕಾಗೆ ಇಳಿದು ಬಂದು ಎಡೆಯನ್ನು ಮುಟ್ಟಿತು. ಅದು ತನ್ನ ಹಸಿವಿಗೆ ಬಂದಿತೆಂದು ನನ್ನ ವಿದ್ಯೆ ಹೇಳುತ್ತದೆ. ಆ ಹೊತ್ತಿನಲ್ಲಿ ನಾನೂ ಎಲ್ಲರ ಜೊತೆ ಕೈ ಮುಗಿದೆ.

ಆ ಕಾಳುಗಳೂ ಹುಟ್ಟಲಿಲ್ಲ. ಒದ್ದೆ ಮರಳಿನಲ್ಲಿಟ್ಟು, ಫಾರ್ಮಿಗೆ ಹೋದಾಗಲೆಲ್ಲ ಬಗ್ಗಿ ನೋಡುತ್ತಿದ್ದೆ. ಕೊಳೆತು ವಾಸನೆ ಬಂದ ಮೇಲೆ ಚೆಲ್ಲಿದೆ. ಮೊದಲಿನಿಂದ ಶುರು ಮಾಡೋಣವೆಂದರೆ ಅಷ್ಟು ಹೊತ್ತಿಗೆ ಅಂಗಡಿಗಳಲ್ಲಿ ಸೀಮೆಎಣ್ಣೆ ಸಿಗತೊಡಗಿತ್ತು. ಜೋಳದ ಸ್ಪಿರಿಟ್ಟು ಯಾರಿಗೂ ಬೇಡವಾಗಿ, ಬರೀ ಕಾಳಿನ ಇಳುವರಿ ನೋಡಿಕೊಂಡಿರು ಎಂದು ಮೇಲಿನವರು ಹೇಳಿದರು. ನಾನೂ ಜಗಳ ಕಾಯಲಿಲ್ಲ. ಜೀವನದಲ್ಲಿ ನಾನು ಜಗಳವಿಲ್ಲದೆ ಒಪ್ಪಿಕೊಂಡ ಮಾತು ಅದೊಂದೇ ಇರಬೇಕು.

ನನಗಿದ್ದ ಹೆದರಿಕೆ ಮಾಮಾನದು. ಅಕ್ಕನ ಬೀಜ ಹುಟ್ಟಿತೇನು ಎಂದು ಕೇಳಿದರೆ ಏನು ಹೇಳಲಿ? ಎರಡು ಸಲ ಕಡಿದು, ಎರಡು ಸಲವೂ ಏನೂ ಉಳಿಯಲಿಲ್ಲ ಎಂದು ಅವನ ಮುಖಕ್ಕೆ ಹೇಗೆ ಹೇಳುವುದು? ಅದೇ ಕಾರಣಕ್ಕೆ ಬೇಸಿಗೆ, ಮಳೆಗಾಲ ಪೂರ್ತಿ ಬಿಜ್ಜರಗಿಗೆ ಹೋಗುವುದನ್ನು ಮುಂದೂಡಿದೆ. ಹಿಂಗಾರಿ ಬಿತ್ತನೆಯ ಹೊತ್ತಿಗೆ ಅವ್ವ ಗದರಿಸಿ ಕಳಿಸಿದಳು. ಮಾಮಾ ಹೊಲದಲ್ಲಿ ಎತ್ತು ಹೂಡಿ ಕೂರಿಗೆ ಕಟ್ಟುತ್ತಿದ್ದ. ಇಳಿದು ಹೋಗಿದ್ದ. ಊಟವಾಯಿತೇ ಎಂದ, ಅವ್ವ ಹೇಗಿದ್ದಾಳೆ ಎಂದ, ಜೋಳದ ಸುದ್ದಿ ಎತ್ತಲಿಲ್ಲ. ನನಗೇ ತಡೆಯಲಾಗಲಿಲ್ಲ.

"ಮಾಮಾ, ಆ ತೆನಿ..."

"ಹುಟ್ಟಲಿಲ್ಲ," ಎಂದ ಮಾಮಾ. ಹಗ್ಗದ ಗಂಟು ಬಿಗಿಯುತ್ತಲೇ ಹೇಳಿದ. "ಹಾಲುಗಾಳು ಹುಟ್ಟೂದಿಲ್ಲಂತ ನನಗ ಗೊತ್ತಿಲ್ಲೇನೋ? ಹುಟ್ಟಿದಾಗಿಂದ ಇದ ಮಣ್ಣಾಗ ಬಿತ್ತಾಕತ್ತೇನಿ."

ಮಾಮಾ ಹಗ್ಗ ಬಿಟ್ಟು ಕೂರಿಗೆಯ ಮೇಲೆ ಕೈಯೂರಿದ.

"ಅಕಿ ದವಾಖಾನ್ಯಾಗ ಕಡೀ ಸಲ ಕೇಳಿದ್ಲು, ಗಿಡಕ್ಕ ನೀರು ಹಾಕೀರೇನಂತ. ಹಾಕೇನಿ ಅಂದೆ. ಹಾಕಿರಲಿಲ್ಲೋ ತಮ್ಮಾ. ಅಕಿನ್ನ ಬಿಟ್ಟು ಹೆಂಗ ಬರಲಿ? ಮಣ್ಣು ಮಾಡಿದ ದಿನ ಬೇಲ್ಯಾಗ ನೋಡಿದ್ರ ಗಿಡ ಬಾಡಿ ಹೋಗಿತ್ತು. ಎಷ್ಟ ನೀರು ಹೊಯ್ದ್ರೂ ತಲಿ ಎತ್ತಲಿಲ್ಲ. ಮೂರನೇ ದಿನ ಕಾಗಿ ಬರವಲ್ದಾತು. ಗಿಡದಾಗ ಇನ್ನಾ ಸ್ವಲ್ಪ ಜೀವ ಇತ್ತು. ಜೀವ ಇರೂದ್ರಾಗನ ಅಕಿ ಮಾತು ನಿನಗ ಮುಟ್ಟಸಬೇಕಂತ ಕಡದೆ."

ಅಂದರೆ ಅವತ್ತು ಕೊಟ್ಟವನಿಗೂ ಗೊತ್ತಿತ್ತು, ತೆಗೆದುಕೊಂಡವನಿಗೂ ಗೊತ್ತಿತ್ತು. ನನಗೆ ಅಳು ಬಂತು. ಮಣ್ಣು ಮಾಡಿದ ದಿನವೂ ಅಷ್ಟು ಅತ್ತಿರಲಿಲ್ಲ. ಮಾಮಾ ಎತ್ತಿನ ಬೆನ್ನು ಸವರುತ್ತ ನನ್ನ ಅಳು ಮುಗಿಯುವ ತನಕ ಆ ಕಡೆ ಮುಖ ಮಾಡಿ ನಿಂತಿದ್ದ.

"ನೀ ಸಾಕಂದೆಲ್ಲ, ಅದು ಅಕಿಗೆ ಕೇಳ್ತು," ಎಂದ ಆಮೇಲೆ. ಬೀಜದ ಚೀಲದ ಬಾಯಿ ಬಿಚ್ಚುತ್ತ, "ಕೂರಿಗಿಗಿ ಬೀಜ ಹಾಕಾಕ ಯಾರೂ ಇಲ್ಲ. ಬರ್ತಿಯೇನು?" ಎಂದು ಕೇಳಿದ.

ಎತ್ತು ಹೊಡೆಯುವುದು ಗಂಡಸಿನ ಕೆಲಸ, ಹಿಂದೆ ನಡೆಯುತ್ತ ಕೂರಿಗೆಯ ಬಟ್ಟಲಿಗೆ ಬೀಜ ಹಾಕುವುದು ಮನೆಯ ಹೆಂಗಸಿನ ಕೆಲಸ. ಮದುವೆಯಾಗಿ ಬಂದ ವರ್ಷದಿಂದ ಅದನ್ನು ಅಕ್ಕ ಮಾಡುತ್ತಿದ್ದಳು. ನಾನು ಚಪ್ಪಲಿ ಬದುವಿನ ಮೇಲೆ ಬಿಟ್ಟು, ಬಿಳಿಜೋಳವನ್ನು ಪಂಚೆಯಲ್ಲಿ ಉಡಿ ಕಟ್ಟಿಕೊಂಡು ಅವನ ಹಿಂದೆ ನಡೆದೆ. ನನ್ನ ಕೈ ತಪ್ಪಿ ಒಂದೊಂದು ಕಡೆ ಬೀಜ ದಟ್ಟವಾಗಿ ಬಿತ್ತು, ಒಂದೊಂದು ಕಡೆ ಬೀಳಲೇ ಇಲ್ಲ. ಮಾಮಾ ಹಿಂದೆ ತಿರುಗಿ ನೋಡಲಿಲ್ಲ.